ಕಿವಿಯಕ್ಕನ ಹೊಸ ಫ್ಯಾನು

ಆ ಕೋಣೆಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಕಿವಿಯಕ್ಕ ಎಂದು. ಮೇಲಧಿಕಾರಿಯೂ ಹಾಗೇ ಕರೆಯುತ್ತಾರೆ, ಚಹಾ ತರುವವನೂ ಹಾಗೇ ಕರೆಯುತ್ತಾನೆ. ಬೇರೆಯವರು ರೆಕಾರ್ಡನ್ನು ಹಿಂದಕ್ಕೆ ಓಡಿಸಿ ಓಡಿಸಿ ಕೇಳಿದರೂ ಹತ್ತದ ಮಾತು ಅವಳ ಕಿವಿಗೆ ಒಂದೇ ಸಲಕ್ಕೆ ಹತ್ತುತ್ತದೆ. ಬ್ಯಾಂಡೇಜು ಸುತ್ತಿದ ಬಾಯಿಯಿಂದ ಬಂದ ಮಾತು, ಅಳುತ್ತ ಅರ್ಧಕ್ಕೇ ನುಂಗಿದ ಮಾತು, ಮದ್ದಿನ ಮಂಪರಿನಲ್ಲಿ ತೊದಲಿದ ಮಾತು, ಎಲ್ಲವನ್ನೂ ಅವಳು ಬಿಡಿಸಿ ಅಕ್ಷರಕ್ಕಿಳಿಸುತ್ತಾಳೆ. ಅದೇ ಅವಳ ಹೊಟ್ಟೆಪಾಡು.

ಕೆಲಸದ ಜಾಗದಲ್ಲಿ ಕೈ ಹೋದವರು, ಕಾಲು ಹೋದವರು, ಮೈ ಸುಟ್ಟುಕೊಂಡವರು ವಿಮಾ ಕಂಪನಿಗೆ ಒಂದು ಹೇಳಿಕೆ ಕೊಡಬೇಕು. ವಿಚಾರಣೆಯವನು ಆಸ್ಪತ್ರೆಗೆ ಹೋಗಿ ಮಂಚದ ಪಕ್ಕ ಕೂತು ಅದನ್ನು ರೆಕಾರ್ಡು ಮಾಡಿಕೊಂಡು ಬರುತ್ತಾನೆ. ಆ ದನಿ ಈ ಕೋಣೆಗೆ ಬಂದು ಬೀಳುತ್ತದೆ. ಇಲ್ಲಿ ಆರು ಜನ ಹೆಡ್‌ಫೋನು ಸಿಕ್ಕಿಸಿಕೊಂಡು ಅದನ್ನು ಟೈಪು ಮಾಡುತ್ತಾರೆ. ಪ್ರಶ್ನೆ, ಉತ್ತರ. ಪ್ರಶ್ನೆ, ಉತ್ತರ. ಇವರ ನಿಯಮ ಒಂದೇ: ಕೇಳಿದವನ ಮಾತು ಬರೆಯಿರಿ, ಹೇಳಿದವನ ಮಾತು ಬರೆಯಿರಿ. ನಡುವೆ ಬರುವ ಬೇರೆ ಏನೇ ಸದ್ದಿರಲಿ, ಸರಿಯಾಗಿ ಕೇಳದ ಏನೇ ಮಾತಿರಲಿ, 'ಅಸ್ಪಷ್ಟ' ಎಂದು ಹಾಕಿ ಮುಂದೆ ನಡೆಯಿರಿ.

"ಅಸ್ಪಷ್ಟ ಅನ್ನೋದು ಕಸದ ಬುಟ್ಟಿ ಇದ್ದಂಗೆ," ಎನ್ನುತ್ತಿದ್ದಳು ಎದುರು ಮೇಜಿನ ಹೆಂಗಸು. "ಏನು ಬೇಕಾದ್ರೂ ಹಾಕು, ಯಾರೂ ಕೈ ಹಾಕಿ ನೋಡಲ್ಲ." ಆ ಹೆಂಗಸಿಗೆ ಕಂಡಕಂಡಲ್ಲಿ ಕಾಮಾ ಹಾಕುವ ಚಟ. ಹಾಗಾಗಿ ಅವಳ ಅಡ್ಡಹೆಸರೇ ಕಾಮಾ.

ಕೋಣೆಗೆ ಕಿಟಕಿಯಿಲ್ಲ. ಒಂದು ಕಾಲದಲ್ಲಿ ಇತ್ತು. ಹಲಗೆ ಹೊಡೆದು ಮೇಲೆ ಗೋಡೆಯದೇ ಬಣ್ಣ ಬಳಿದಿದ್ದಾರೆ. ಒಂದೊಂದು ಮೇಜಿನ ಕೆಳಗೂ ಒಂದೊಂದು ಕಂಪ್ಯೂಟರು, ಒಂದೊಂದರ ಹೊಟ್ಟೆಯಲ್ಲೂ ಧೂಳು ತಿಂದು ದಪ್ಪಗಾದ ಫ್ಯಾನುಗಳು. ಬೆಳಗ್ಗೆ ಯಂತ್ರ ಹಚ್ಚಿದರೆ ಕೋಣೆ ಹಿಟ್ಟಿನ ಗಿರಣಿಯಾಗುತ್ತಿತ್ತು. ಪೆನ್ನು ಬೇಕಾದರೂ ಕೂಗಿ ಕೇಳಬೇಕು. ಹೆಡ್‌ಫೋನಿನ ಒಳಕ್ಕೂ ಆ ಗೊರಗೊರ ನುಗ್ಗುತ್ತಿತ್ತು. ಅಂಥ ಗದ್ದಲದಲ್ಲೂ ಇವಳಿಗೆ ಕೇಳಿಸುತ್ತದಲ್ಲ, ಅದಕ್ಕೇ ಕಿವಿಯಕ್ಕ ಎಂಬ ಬಿರುದು.

ಇಷ್ಟೆಲ್ಲ ಕೇಳಿಸಿಕೊಳ್ಳುವವಳು ಮನೆಯಲ್ಲಿ ಒಂದು ಮಾತನ್ನು ಮಾತ್ರ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅದು ತಮ್ಮನ ಮಾತು.

ತಮ್ಮ ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿದ್ದ. ಒದ್ದೆ ಹಾಸುಬಟ್ಟೆಯನ್ನು ಕಾದ ಉರುಳೆಗಳ ನಡುವೆ ತೂರಿಸಿದರೆ ಆ ಕಡೆಯಿಂದ ಗರಿಗರಿಯಾಗಿ ಇಸ್ತ್ರಿಯಾಗಿ ಬರುತ್ತದೆ. ಉರುಳೆಯ ಮುಂದೆ ಒಂದು ಜಾಲರಿ ಇರಬೇಕು. ಅದಕ್ಕೆ ಕೈ ತಾಗಿದರೆ ಯಂತ್ರ ತಾನಾಗಿ ನಿಲ್ಲುತ್ತದೆ, ಅದನ್ನು ಮೇಲೆತ್ತಿಟ್ಟರೆ ನಿಲ್ಲುವುದಿಲ್ಲ. ಒಂದು ದಿನ ನಿಲ್ಲಲಿಲ್ಲ. ಬಲಗೈ ಮಣಿಕಟ್ಟಿನವರೆಗೆ ಹೋಯಿತು. ಹೇಳಿಕೆಯನ್ನು ಟೈಪು ಮಾಡಿದ್ದು ಕಾಮಾ, ಯಾಕೆಂದರೆ ರಕ್ತಸಂಬಂಧಿಯ ಹೇಳಿಕೆಗೆ ಕೈ ಹಚ್ಚಬಾರದೆಂದು ನಿಯಮ. ಅಕ್ಕ ಓದಿದ್ದು ಟೈಪಾದ ಹಾಳೆಯನ್ನು ಮಾತ್ರ. ಅದರಲ್ಲಿ ಹೀಗಿತ್ತು:

"ಪ್ರಶ್ನೆ: ಜಾಲರಿ ಎತ್ತಿದ್ದು ಯಾರು? ಉತ್ತರ: (ಅಸ್ಪಷ್ಟ), ನಾನೇ ಎತ್ತಿದೆ, ನಂದೇ ತಪ್ಪು."

ಪರಿಹಾರ ಅಲ್ಲಿಗೆ ಮುಗಿಯಿತು. ಅದಕ್ಕಿಂತ ದೊಡ್ಡದು ಮುಗಿದದ್ದು ಮನೆಯೊಳಗೆ. ತಮ್ಮ ಮನೆಗೆ ಬಂದ ದಿನದಿಂದ ಒಂದೇ ಮಾತು.

"ನಾನು ಹಂಗೆ ಹೇಳಿಲ್ಲ ಅಕ್ಕ."

"ನಿನ್ನ ಬಾಯಿಂದಲೇ ಬಂದಿದೆ. ಅಕ್ಷರದಲ್ಲಿದೆ."

"ಅಕ್ಷರ ಬೇಡ. ದನಿ ಕೇಳು. ನಿಮ್ಮ ಆಫೀಸಲ್ಲೇ ಇದೆಯಲ್ಲ, ಒಂದು ಸಲ ಕೇಳು."

"ಆ ಫ್ಯಾನುಗಳ ಗದ್ದಲದಲ್ಲಿ ಏನು ಕೇಳ್ಲಿ? ಅಸ್ಪಷ್ಟ ಅಂತ ಕಾಮಾನೇ ಹಾಕಿದಾಳೆ."

ಆಮೇಲೆ ಅವನು ಕೇಳುವುದನ್ನೂ ಬಿಟ್ಟ. ಮರುಪರಿಶೀಲನೆಗೆ ಅರ್ಜಿ ಹಾಕಲು ಇನ್ನೂ ಅವಕಾಶವಿತ್ತು. ಅದಕ್ಕೆ ಬೇಕಾದದ್ದು ಆ ಹೇಳಿಕೆ ತಪ್ಪು ಎನ್ನುವ ಒಂದು ಆಧಾರ. ಆಧಾರ ಅಕ್ಕನ ಕಿವಿಯಲ್ಲಿತ್ತು. ಅಕ್ಕನ ಕಿವಿಗೂ ತಮ್ಮನ ದನಿಗೂ ನಡುವೆ ಇದ್ದದ್ದು ಒಂದು ಕೆಟ್ಟ ಫ್ಯಾನು.

ಆ ಬೇಸಿಗೆಯಲ್ಲಿ ಯಂತ್ರಗಳು ಕಾದು ಕಾದು ತಾವಾಗಿಯೇ ಆರತೊಡಗಿದವು. ಅರ್ಧ ಟೈಪಾದ ಹೇಳಿಕೆಗಳು ಮಾಯ. ಮೇಲಧಿಕಾರಿ ಬೇರೆ ಊರಿನ ಕಚೇರಿಗೆ ಹೋಗಿದ್ದರು. ಕಾಯಲಾಗದೆ ಕೋಣೆಯವರೇ ರಿಪೇರಿಯವನನ್ನು ಕರೆಸಿದರು. ಅಂಗಿಯ ಜೇಬಿನ ತುಂಬ ಬಿಡಿ ಸ್ಕ್ರೂ ತುಂಬಿಕೊಂಡು ನಡೆದಾಗಲೆಲ್ಲ ಗಿಲಿಗಿಲಿ ಎನ್ನುವ ಮನುಷ್ಯ. ಅವನು ಕಿವಿಯಕ್ಕನ ಮೇಜಿನ ಕೆಳಗೆ ಬಗ್ಗಿ, ಡಬ್ಬಿಯ ಪಕ್ಕ ಬಿಚ್ಚಿ, ಕಂಬಳಿಯ ತುಂಡಿನಂಥ ಧೂಳನ್ನು ಎಳೆದು ತೋರಿಸಿದ.

"ಏನಕ್ಕಾ, ಕಾಲ ಬುಡದಲ್ಲಿ ಒಲೆ ಇಟ್ಕೊಂಡು ಕೂತಿದೀರಲ್ಲ!"

"ಒರೆಸಿ ಮತ್ತೆ ಹಾಕಿಬಿಡಿ. ಸಾಕು."

"ಒರೆಸಿದ್ರೆ ಎಷ್ಟು ದಿನ? ಬೇರಿಂಗೇ ಸವೆದುಹೋಗಿದೆ. ಈಗ ದೊಡ್ಡ ಫ್ಯಾನು ಬಂದಿವೆ. ಅಗಲ ಜಾಸ್ತಿ, ನಿಧಾನ ತಿರುಗ್ತವೆ, ಗಾಳಿ ಹೆಚ್ಚು, ಸದ್ದೇ ಇಲ್ಲ. ಒಂದು ವಾರ ಹಾಕಿ ಹೋಗ್ತೀನಿ. ಬೇಡ ಅನಿಸಿದ್ರೆ ಹಳೇದನ್ನೇ ಹಾಕ್ಕೊಡ್ತೀನಿ. ಯಾರು ಬೇಡ ಅಂತಾರೆ ಹೇಳಿ?"

"ನಂಗೆ ಯೋಚನೆ ಮಾಡ್ಬೇಕು."

ರಿಪೇರಿಯವನು ಬಗ್ಗಿದಲ್ಲಿಂದಲೇ ತಲೆ ಎತ್ತಿ ನೋಡಿದ. "ಫ್ಯಾನಿಗೆ? ಹೆಣ್ಣು ನೋಡೋಕೆ ಬಂದವರೂ ಇಷ್ಟು ಯೋಚನೆ ಮಾಡಲ್ಲಕ್ಕಾ."

ಎಲ್ಲರೂ ನಕ್ಕರು. ನಕ್ಕವರ ಮುಂದೆ ಬೇಡ ಎನ್ನಲು ಅವಳಿಗೆ ಕಾರಣ ಸಿಗಲಿಲ್ಲ. ನಿಜವಾದ ಕಾರಣವನ್ನು ಹೇಳುವ ಹಾಗಿರಲಿಲ್ಲ. ಸದ್ದು ಹೋದರೆ ಅವಳ ನೆಪ ಹೋಗುತ್ತಿತ್ತು.

ಆರೂ ಮೇಜಿಗೆ ಹೊಸ ಫ್ಯಾನು ಬಂತು.

ಮರುದಿನ ಬೆಳಗ್ಗೆ ಯಂತ್ರ ಹಚ್ಚಿದಾಗ ಹತ್ತಿತೋ ಇಲ್ಲವೋ ಎಂದು ಎಲ್ಲರೂ ಬಗ್ಗಿ ನೋಡಿದರು. ಸಣ್ಣ ದೀಪ ಉರಿಯುತ್ತಿತ್ತು, ಅಷ್ಟೆ. ಗೋಡೆ ಗಡಿಯಾರಕ್ಕೆ ಸದ್ದಿದೆ ಎಂದು ಅವರಿಗೆ ಗೊತ್ತಾದದ್ದು ಅವತ್ತೇ. ಕೀಲಿಮಣೆಯ ಮೇಲೆ ಬೆರಳುಗಳು ಅಟ್ಟದ ಮೇಲೆ ಇಲಿ ಓಡಾಡಿದ ಹಾಗೆ ಕೇಳಿದವು. ಹಲಗೆ ಹೊಡೆದ ಕಿಟಕಿಯ ಆಚೆ ಯಾರೋ ನಡೆದು ಹೋದರು, ನಿಂತರು, ಮತ್ತೆ ನಡೆದರು. ಆ ಕಡೆ ಓಣಿ ಇದೆ ಎನ್ನುವುದೇ ಕಿವಿಯಕ್ಕನಿಗೆ ಮರೆತುಹೋಗಿತ್ತು.

ಮೊದಲ ಹೇಳಿಕೆ ಹಾಕಿದಳು. ಕ್ಯಾಂಟೀನಿನಲ್ಲಿ ಕುದಿಯುವ ಎಣ್ಣೆ ಬಿದ್ದು ಪಾದ ಸುಟ್ಟುಕೊಂಡ ಹೆಂಗಸು. ವಿಚಾರಣೆಯವನು ಕೇಳಿದ, ಹೇಗಾಯಿತಮ್ಮ? ಒಂದು ಕ್ಷಣ ಬರಿದು. ಆಮೇಲೆ ಎಲ್ಲೋ ಹತ್ತಿರದಲ್ಲಿ, ದಿಂಬಿಗೆ ಬಾಯಿಟ್ಟು ಆಡಿದಂತೆ ಒಂದು ಪಿಸುದನಿ: "ನಾನೇ ಜಾರಿದೆ."

ಅದರ ಹಿಂದೆಯೇ ಆ ಹೆಂಗಸಿನ ದನಿ: "ನಾನೇ ಜಾರಿದೆ."

ಕಿವಿಯಕ್ಕ ಹಿಂದಕ್ಕೆ ಓಡಿಸಿದಳು. ಮಾತು ಪ್ರತಿಧ್ವನಿಸಿದೆ ಎಂದುಕೊಂಡಳು. ಇನ್ನೊಮ್ಮೆ ಕೇಳಿದಳು. ಪ್ರತಿಧ್ವನಿ ಮಾತಿನ ಹಿಂದೆ ಬರುತ್ತದೆ. ಇದು ಮುಂದೆ ಬಂದಿತ್ತು.

ಪಿಸುದನಿ ಹೆಣ್ಣಿನದಲ್ಲ, ಕೇಳುತ್ತಿದ್ದ ವಿಚಾರಣೆಯವನದೂ ಅಲ್ಲ. ಮಾತು ಮುಗಿದ ಮೇಲೆ ಟಕ್ ಎಂದು ಒಂದು ಸಣ್ಣ ಸದ್ದು. ಬಾಯಲ್ಲಿಟ್ಟುಕೊಂಡ ಪೆಪ್ಪರ್‌ಮಿಂಟು ಹಲ್ಲಿಗೆ ತಾಗಿದಂತೆ.

ಇನ್ನೊಂದು ಹೇಳಿಕೆ ತೆಗೆದಳು. ಬೇರೆ ಊರು, ಬೇರೆ ಆಸ್ಪತ್ರೆ, ಬೇರೆ ವಿಚಾರಣೆಯವನು. ವೆಲ್ಡಿಂಗಿನವನು, ಕಣ್ಣು ಹೋಗಿದೆ. "ಕನ್ನಡಕ ಕೊಟ್ಟಿದ್ರು, ನಾನೇ ಹಾಕ್ಕೊಳ್ಳಲಿಲ್ಲ," ಎಂದಿತು ಪಿಸುದನಿ. "ಕನ್ನಡಕ ಕೊಟ್ಟಿದ್ರು, ನಾನೇ ಹಾಕ್ಕೊಳ್ಳಲಿಲ್ಲ," ಎಂದ ವೆಲ್ಡಿಂಗಿನವನು. ಟಕ್.

ಹಳೆಯದು ತೆಗೆದಳು. ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಕೂದಲು ಇನ್ನೂ ಪೂರ್ತಿ ಕಪ್ಪಿದ್ದಾಗ ಟೈಪು ಮಾಡಿದ್ದು. ಅದರಲ್ಲೂ ಅದೇ ದನಿ. ಅಂದಿಗೂ ಇಂದಿಗೂ ಅದಕ್ಕೆ ಒಂದಿಷ್ಟೂ ವಯಸ್ಸಾಗಿರಲಿಲ್ಲ.

ಅವಳು ತಲೆ ಎತ್ತಿ ನೋಡಿದಳು. ಕೋಣೆಯಲ್ಲಿ ಒಬ್ಬರ ಬೆರಳೂ ಆಡುತ್ತಿರಲಿಲ್ಲ. ಐದು ಜನ ಐದು ಪರದೆಯ ಮುಂದೆ ಹೆಡ್‌ಫೋನು ಹಾಕಿಕೊಂಡು, ಕೈ ಎತ್ತಿದ್ದು ಎತ್ತಿದಂತೆಯೇ ಕೂತಿದ್ದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಗದ್ದಲವಿದ್ದಾಗ ಗಂಟಲು ಹರಿದುಕೊಂಡು ಮಾತಾಡುತ್ತಿದ್ದವರು, ಪಿಸುಗುಟ್ಟಿದರೂ ಕೇಳಿಸುವಂತಾದ ಮೇಲೆ ಮಾತೇ ಬಿಟ್ಟರು.

ಮಧ್ಯಾಹ್ನ ಊಟದ ಡಬ್ಬಿ ತೊಳೆಯುವಾಗ ಕಿವಿಯಕ್ಕ ಕಾಮಾಳ ಪಕ್ಕಕ್ಕೆ ಹೋಗಿ ನಿಂತಳು.

"ನಿಂಗೇನಾದ್ರೂ ಕೇಳಿಸ್ತಾ?"

"ಏನು?"

"ಏನೋ ಒಂದು."

ಕಾಮಾ ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿದಳು. ನೀರಿನ ಸದ್ದು ಸಿಂಕಿನ ತುಂಬ ತುಂಬಿತು. "ನಂಗೇನೂ ಕೇಳಿಸಿಲ್ಲ," ಎಂದಳು. ಡಬ್ಬಿ ಒದರುತ್ತ, "ನಿಂಗೂ ಕೇಳಿಸಿಲ್ಲ," ಎಂದಳು.

ಆ ವಾರ ಒಬ್ಬೊಬ್ಬರೇ ರಿಪೇರಿಯವನಿಗೆ ಹೇಳಿ ಕಳಿಸಿದರು. ಒಬ್ಬರಿಗೆ ಹೊಸ ಫ್ಯಾನಿನ ಗಾಳಿಗೆ ಮೊಣಕಾಲು ಹಿಡಿಯಿತಂತೆ. ಇನ್ನೊಬ್ಬರಿಗೆ ಸದ್ದಿಲ್ಲದಿದ್ದರೆ ನಿದ್ದೆ ಬರುತ್ತದಂತೆ. ಮೂಲೆಯಲ್ಲಿ ಕೂರುವ ಹಿರಿಯರು ಕಾರಣವನ್ನೇ ಕೊಡಲಿಲ್ಲ. "ಹಳೇದು ಹಾಕಪ್ಪಾ, ಕೈ ಮುಗೀತೀನಿ," ಎಂದು ಹೇಳಿ ನಿಜಕ್ಕೂ ಕೈ ಮುಗಿದರು. ರಿಪೇರಿಯವನು ಕಂಗಾಲಾದ. "ನಾನು ಒಳ್ಳೇ ಸಾಮಾನು ಹಾಕಿದ್ದಕ್ಕೆ ಬೈಸ್ಕೊಂಡಿದ್ದು ಇದೇ ಮೊದಲು," ಎನ್ನುತ್ತ, ಒರೆಸಿಟ್ಟಿದ್ದ ಹಳೆಯ ಫ್ಯಾನುಗಳನ್ನೇ ಮತ್ತೆ ಬಿಗಿದ. ಕಾಮಾ ಮಾತ್ರ, "ಒರೆಸಿದ್ದು ಯಾಕೆ? ಮೊದಲಿನಷ್ಟು ಜೋರಿಲ್ಲ," ಎಂದು ಜಗಳ ತೆಗೆದಳು.

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಈ ಸಂಗತಿ ಹೇಳಿದಾಗಲೆಲ್ಲ ಕೇಳಿದವರು ಅದು ದೆವ್ವವಾ ಎಂದು ಕಣ್ಣರಳಿಸುತ್ತಾರೆ. ನನಗೆ ಮೈ ಉರಿಯುತ್ತದೆ. ದೆವ್ವಕ್ಕೆ ವಿಮಾ ಕಂಪನಿಯ ಲಾಭ ಕಟ್ಟಿಕೊಂಡು ಏನಾಗಬೇಕು? ಆ ದನಿ ಯಾರದೆಂದು ನನಗೆ ಗೊತ್ತಿಲ್ಲ. ಇಷ್ಟು ಊರುಗಳಲ್ಲಿ, ಇಷ್ಟು ವರ್ಷ, ವಯಸ್ಸೇ ಆಗದೆ ಅದು ಹೇಗೆ ಓಡಾಡಿತೆಂದೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತೇನೆ. ಆದರೆ ನನ್ನ ಬೆನ್ನು ತಣ್ಣಗಾಗುವುದು ಆ ದನಿಯಿಂದಲ್ಲ. ಓದು ಬರಹ ಬಲ್ಲ, ಮಕ್ಕಳು ಮರಿಯಿರುವ, ಯಾರಿಗೂ ಕೆಡುಕು ಬಯಸದ ಐದು ಜನ ಅದನ್ನು ಸ್ಪಷ್ಟವಾಗಿ ಕೇಳಿದರು. ಕೇಳಿ, ಸದ್ದು ವಾಪಸು ಕೊಡಿ ಎಂದು ಬೇಡಿಕೊಂಡರು. ದೆವ್ವವಾದರೆ ಓಡಿಸಬಹುದು. ಇದಕ್ಕೆ ಯಾರನ್ನು ಕರೆಸುತ್ತೀರಿ?

ವಾರದ ಕೊನೆಗೆ ಮೇಲಧಿಕಾರಿ ಆ ಊರಿನಿಂದ ವಾಪಸು ಬಂದರು. ಕೋಣೆಯಲ್ಲಿ ಮತ್ತೆ ಗೊರಗೊರ ಶುರುವಾಗಿತ್ತು. ಐದೇ ಯಂತ್ರದ್ದು.

"ನಿಂದೊಂದು ಯಾಕೆ ಉಳೀತು, ಕಿವಿಯಕ್ಕ? ಎಲ್ಲಾ ಮೇಜೂ ಒಂದೇ ಥರ ಇರ್ಲಿ. ಸಂಜೆ ರಿಪೇರಿಯವನು ಬರ್ತಾನೆ, ಹಳೇದು ಹಾಕಿಸ್ಕೊ."

ಅಕ್ಕ ಮೇಲಧಿಕಾರಿಯ ದನಿಯನ್ನು ಕಿವಿಗೊಟ್ಟು ಕೇಳಿದಳು. ಅದಲ್ಲ. ಆ ದನಿಯಲ್ಲ.

"ಸಂಜೆ ಹೇಳ್ತೀನಿ ಸರ್."

"ಹೇಳೋದೇನಿದೆ? ಫ್ಯಾನು ತಾನೇ?"

"ಹೌದು ಸರ್. ಫ್ಯಾನೇ."

ಊಟದ ಹೊತ್ತಿಗೆ ಎಲ್ಲರೂ ಎದ್ದು ಹೋದರು. ಹೋಗುವಾಗ ಯಂತ್ರ ಆರಿಸುವುದು ಅಲ್ಲಿನ ರೂಢಿ. ಹಾಗಾಗಿ ಕೋಣೆ ಒಮ್ಮೆಗೇ ನಿಶ್ಶಬ್ದವಾಯಿತು. ಕಿವಿಯಕ್ಕ ಒಬ್ಬಳೇ ಕೂತು ತಮ್ಮನ ಹೇಳಿಕೆಯನ್ನು ಹುಡುಕಿ ತೆಗೆದಳು. ಕೈ ಹಚ್ಚಬಾರದೆಂಬ ನಿಯಮ ನೆನಪಿತ್ತು. ಹಚ್ಚಿದಳು.

ಮೊದಲು ಕೇಳಿದ್ದು ಉಸಿರು. ಚಿಕ್ಕಂದಿನಲ್ಲಿ ಜ್ವರ ಬಂದಾಗ ಅವನು ಬಿಡುತ್ತಿದ್ದಂಥ ಉಸಿರು. ಮದ್ದಿನ ಅಮಲಿನಲ್ಲಿದ್ದ.

"ಜಾಲರಿ ಎತ್ತಿದ್ದು ಯಾರು?" ಎಂದ ವಿಚಾರಣೆಯವನು.

"ಅದನ್ನ ಮೊದಲೇ ಎತ್ತಿಟ್ಟಿದ್ರು," ಎಂದ ತಮ್ಮ. ಕ್ಷೀಣವಾಗಿ, ಆದರೆ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ. "ತಂತಿ ಕಟ್ಟಿದ್ರು. ಯಂತ್ರ ನಿಲ್ಲಬಾರದು ಅಂತ ಕಾರ್ಖಾನೆಯವರೇ ಕಟ್ಟಿದ್ರು."

ಇಷ್ಟೂ ಮಾತು ಆ ಹಾಳೆಯಲ್ಲಿ 'ಅಸ್ಪಷ್ಟ' ಆಗಿತ್ತು.

"ನಾನೇ ಎತ್ತಿದೆ," ಎಂದಿತು ಪಿಸುದನಿ.

"ಅಲ್ಲ... ತಂತಿ..."

"ನಾನೇ ಎತ್ತಿದೆ." ಸಿಟ್ಟಿಲ್ಲ, ಅವಸರವಿಲ್ಲ. ಮಗುವಿಗೆ ಮಗ್ಗಿ ಹೇಳಿಕೊಡುವ ಹಾಗೆ.

ಉಸಿರು. ಉಸಿರು. ಆಮೇಲೆ ತಮ್ಮನ ದನಿ: "ನಾನೇ ಎತ್ತಿದೆ."

"ನಂದೇ ತಪ್ಪು."

"ನಂದೇ ತಪ್ಪು."

ಟಕ್.

ವಿಚಾರಣೆಯವನು ಕುರ್ಚಿ ಎಳೆದು ಎದ್ದ ಸದ್ದು. ಹೆಜ್ಜೆ ದೂರ ಹೋದವು. ಟೈಪು ಮಾಡುವವರು ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ. ಪ್ರಶ್ನೆ ಮುಗಿದರೆ ಅವರ ಪಾಲಿಗೆ ಹೇಳಿಕೆ ಮುಗಿದಂತೆ. ರೆಕಾರ್ಡು ಇನ್ನೂ ಓಡುತ್ತಿತ್ತು. ಅಕ್ಕ ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡಳು.

"ನಮ್ಮಕ್ಕ ಅಲ್ಲೇ ಕೆಲಸ ಮಾಡ್ತಾಳೆ," ಎಂದ ತಮ್ಮ. ಮಂಪರಿನಲ್ಲಿ ಸಣ್ಣ ಹುಡುಗನ ಹಾಗೆ, ಸ್ವಲ್ಪ ಜಂಬದಿಂದಲೇ. "ಅವಳು ಇದನ್ನ ಕೇಳ್ತಾಳೆ. ಅವಳಿಗೆ ಎಲ್ಲಾ ಕೇಳಿಸುತ್ತೆ."

ಆಮೇಲೆ, ಇಲ್ಲಿಯವರೆಗೆ ಹೇಳಿಕೊಡುವುದನ್ನು ಬಿಟ್ಟು ಬೇರೆ ಮಾತೇ ಆಡದ ಆ ದನಿ ಮೊದಲ ಸಲ ಉತ್ತರ ಕೊಟ್ಟಿತು.

"ಕೇಳಿಸಲ್ಲಪ್ಪ. ಅಲ್ಲಿ ಫ್ಯಾನು ಜೋರು."

ಕಿವಿಯಕ್ಕ ಹೆಡ್‌ಫೋನು ಕಿತ್ತು ಮೇಜಿನ ಮೇಲಿಟ್ಟಳು. ಕೋಣೆಯಲ್ಲಿ ಗಡಿಯಾರದ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಹಲಗೆಯ ಆಚೆ ಓಣಿಯಲ್ಲಿ ಯಾರೋ ನಿಂತಿದ್ದರೆಂದು ಅವಳಿಗೆ ಅನಿಸಿತು. ಎದ್ದು ಹೋಗಿ ಹಲಗೆಗೆ ಕಿವಿ ಹಚ್ಚಬೇಕೆಂದುಕೊಂಡಳು. ಹಚ್ಚಲಿಲ್ಲ. ಕೂತು ಟೈಪು ಮಾಡಿದಳು. ಪ್ರಶ್ನೆ. ಉತ್ತರ. ಅವೆರಡರ ನಡುವೆ ಆ ಕೋಣೆಯಲ್ಲಿ ಯಾರೂ ಯಾವತ್ತೂ ಹಾಕದ ಮೂರನೆಯದೊಂದನ್ನು ಹಾಕಿದಳು: ಪಿಸುದನಿ. ಒಂದು ಕಡೆಯೂ ಅಸ್ಪಷ್ಟ ಎಂದು ಬರೆಯಲಿಲ್ಲ.

ತಪ್ಪು ಕೇಳಿಸಿಕೊಂಡಿದ್ದರೆ ತಿದ್ದಿದ ಪ್ರತಿ ಕೊಡಬಹುದು. ಆದರೆ ಮೊದಲು ಟೈಪು ಮಾಡಿದವರೇ ಅದಕ್ಕೆ ಸಹಿ ಹಾಕಬೇಕು. ಕಾಮಾ ಬಂದು ಯಂತ್ರ ಹಚ್ಚಿ, ಫ್ಯಾನು ಗೊರಗುಟ್ಟಲು ಶುರುಮಾಡಿದ ಮೇಲೆ ಕಿವಿಯಕ್ಕ ಹಾಳೆಯನ್ನು ಅವಳ ಮುಂದಿಟ್ಟಳು. ಕಾಮಾ ಅದನ್ನು ನೋಡಿದಳು. ನೋಡುತ್ತಲೇ ಇದ್ದಳು.

"ನಾನು ಇದನ್ನ ಓದಿಲ್ಲ," ಎಂದು ಗದ್ದಲದ ಮೇಲೆ ಕೂಗಿದಳು. "ಓದಿದ್ರೆ ಸಹಿ ಹಾಕೋಕಾಗಲ್ಲ. ಗೊತ್ತಾಯ್ತಾ?"

"ಗೊತ್ತಾಯ್ತು."

ಸಹಿ ಹಾಕಿದಳು. ಹಾಳೆ ವಾಪಸು ಕೊಡುವ ಮುಂಚೆ ಪೆನ್ನಿನಿಂದ ಒಂದು ಕಡೆ ಒಂದು ಕಾಮಾ ಸೇರಿಸಿದಳು. ತಮ್ಮ "ಅಲ್ಲ" ಎಂದಿದ್ದನಲ್ಲ, ಅದರ ಪಕ್ಕದಲ್ಲಿ.

ಸಂಜೆ ರಿಪೇರಿಯವನು ಜೇಬು ಗಿಲಿಗಿಲಿ ಎನ್ನಿಸುತ್ತ ಬಂದ. ಮೇಲಧಿಕಾರಿಯೂ ಬಂದು ನಿಂತರು.

"ನಂದು ಹೊಸದೇ ಇರ್ಲಿ ಸರ್," ಎಂದಳು ಕಿವಿಯಕ್ಕ.

"ಎಲ್ಲರೂ ಹಳೇದಕ್ಕೇ ಹೋದ್ರಲ್ಲ?"

"ಹೋಗ್ಲಿ. ನಂಗೆ ಕಾಲು ಸುಡುತ್ತೆ."

ತಿದ್ದಿದ ಪ್ರತಿ ಅಷ್ಟರಲ್ಲಿ ಮರುಪರಿಶೀಲನೆಯ ವಿಭಾಗಕ್ಕೆ ಹೋಗಿಯಾಗಿತ್ತು. ಇನ್ನೊಂದು ಪ್ರತಿ ಅವಳ ಚೀಲದಲ್ಲಿತ್ತು.

ಮನೆಯಲ್ಲಿ ತಮ್ಮ ಗೋಡೆಗೆ ಒರಗಿ ಕೂತಿದ್ದ. ಅಕ್ಕ ಚಪ್ಪಲಿ ಬಿಟ್ಟು, ಕೈಕಾಲೂ ತೊಳೆಯದೆ ಎದುರಿಗೆ ಕೂತಳು.

"ಕೇಳಿದೆ," ಎಂದಳು.

ಅವಳೇ ಹಾಳೆ ತೆಗೆದು ಓದತೊಡಗಿದಳು. ಪ್ರಶ್ನೆ ಓದಿದಳು. ಅವನ ಉತ್ತರ ಓದಿದಳು. ಜಾಲರಿ, ತಂತಿ, ಎಲ್ಲ ಓದಿದಳು. ತಮ್ಮನ ಕಣ್ಣು ತುಂಬಿ ಬಂತು. ಪಿಸುದನಿಯ ಸಾಲು ಬಂದಾಗ ಅವಳ ದನಿ ತಾನಾಗಿ ತಗ್ಗಿತು.

"ನಾನೇ ಎತ್ತಿದೆ," ಎಂದು ಓದಿದಳು.

"ನಾನೇ ಎತ್ತಿದೆ," ಎಂದ ತಮ್ಮ.

ಅಕ್ಕ ತಲೆ ಎತ್ತಿದಳು. ಅವನ ಮುಖ ಬರಿದಾಗಿತ್ತು. ತುಂಬಿದ ಕಣ್ಣು ತುಂಬಿದ ಹಾಗೇ ಇತ್ತು, ಆದರೆ ಅಳುತ್ತಿರಲಿಲ್ಲ. ರೆಕಾರ್ಡಿನಲ್ಲಿ ಕೇಳಿದ ದನಿಯೇ ಬಾಯಿಂದ ಬಂದಿತ್ತು, ಏರಿಳಿತವಿಲ್ಲದೆ. ಅವಳು ಮುಂದಿನ ಸಾಲನ್ನು ಓದಲಿಲ್ಲ. ಓದದಿದ್ದರೂ ಅವನ ತುಟಿ ಆಡಿತು.

"ನಂದೇ ತಪ್ಪು."

ಅಕ್ಕ ಹಾಳೆಯನ್ನು ಮಡಿಸಿ ಚೀಲದೊಳಗೆ ಹಾಕಿದಳು. ಎದ್ದು ಕೋಣೆಯ ಬಾಗಿಲು ಹಾಕಿದಳು. ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನಿನ ಸ್ವಿಚ್ಚು ಆರಿಸಿದಳು. ರೆಕ್ಕೆಗಳು ಗಾಳಿಯನ್ನು ಇನ್ನೊಂದಿಷ್ಟು ಹೊತ್ತು ಕೊಯ್ದು, ನಿಧಾನವಾಗಿ, ಕೊನೆಗೂ ನಿಂತವು. ಸೆಕೆ ಮೈಗೆ ಅಂಟಿಕೊಂಡಿತು.

"ಇನ್ನೊಂದು ಸಲ ಹೇಳು," ಎಂದಳು. "ನಾನು ಏನೂ ಹೇಳಿಕೊಡಲ್ಲ. ನೀನೇ ಹೇಳು. ಜಾಲರಿ ಎತ್ತಿದ್ದು ಯಾರು?"

ತಮ್ಮ ಬಾಯಿ ತೆರೆದು ಹಾಗೇ ಕೂತ. ಅವನು ಕಾಯುತ್ತಿದ್ದಾನೆಂದು ಅಕ್ಕನಿಗೆ ತಿಳಿಯಿತು. ಅವಳೂ ಕಾದಳು. ತನ್ನ ಕಿವಿಯನ್ನೆಲ್ಲ ಆ ಕೋಣೆಗೆ ಕೊಟ್ಟು, ಮಂಚದ ಕೆಳಗೆ, ಬಾಗಿಲ ಸಂದಿಗೆ, ತಮ್ಮನ ಬೆನ್ನ ಹಿಂದಿನ ಗೋಡೆಗೆ ಕೊಟ್ಟು, ಅವನಿಗಿಂತ ಮುಂಚೆ ಯಾರಾದರೂ ಮಾತಾಡುತ್ತಾರಾ ಎಂದು ಕೇಳಿದಳು.

ಯಾರೂ ಮಾತಾಡಲಿಲ್ಲ.

"ಅದನ್ನ ಮೊದಲೇ ಎತ್ತಿಟ್ಟಿದ್ರು ಅಕ್ಕ," ಎಂದ ತಮ್ಮ.